ಜಗಲಿಯ ಮೂಲೆಯಲ್ಲಿ ಮೂವರು

“ಗುರುಗಳೇ, ಒಂದು ವಸ್ತು ಮೂಲೆಗುಂಪಾಯಿತು ಎಂದು ಯಾವಾಗ ಹೇಳಬೇಕು?”

ಕೇಳಿದವನು ಸಂಗಯ್ಯ. ಮಠದಲ್ಲಿದ್ದುಕೊಂಡು ಕನ್ನಡದ ಪದಗಳನ್ನು ಕೂಡಿಸಿ, ಅವುಗಳ ಅರ್ಥ ಬರೆದು, ಕೋಶ ಕಟ್ಟುತ್ತಿದ್ದ ಶಿಷ್ಯ. ‘ಮ’ ಅಕ್ಷರಕ್ಕೆ ಬಂದಿದ್ದ. ಈ ಒಂದು ಪದದಲ್ಲಿ ಮೂರು ದಿನದಿಂದ ಸಿಕ್ಕಿಕೊಂಡಿದ್ದ.

“ತೊಡಕು ಏನು?” ಎಂದರು ಗುರುಗಳು.

“ಒಡೆದರೆ ಒಡೆಯಿತು ಎನ್ನುತ್ತೇವೆ. ಸವೆದರೆ ಸವೆಯಿತು, ಕಳೆದರೆ ಕಳೆಯಿತು. ಮೂಲೆಗುಂಪಾದದ್ದು ಒಡೆದಿರಬೇಕಾಗಿಲ್ಲ, ಸವೆದಿರಬೇಕಾಗಿಲ್ಲ. ಕಳೆದೂ ಇರುವುದಿಲ್ಲ, ಕಣ್ಣೆದುರಿಗೇ ಬಿದ್ದಿರುತ್ತದೆ. ‘ಬಳಕೆ ತಪ್ಪಿದ್ದು’ ಎಂದು ಅರ್ಥ ಬರೆದೆ. ಆದರೆ ಜನ ಮನುಷ್ಯರಿಗೂ ಈ ಮಾತನ್ನು ಹೇಳುತ್ತಾರೆ. ಹಳೆಯ ಮಂತ್ರಿ ಮೂಲೆಗುಂಪಾದ ಎನ್ನುತ್ತಾರೆ. ಮನುಷ್ಯನಿಗೆ ಬಳಕೆ ತಪ್ಪುವುದು ಎಂದರೇನು? ಈ ಪದ ಸಲ್ಲುವುದು ವಸ್ತುವಿಗೋ, ಮನುಷ್ಯನಿಗೋ?”

ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ವರ್ತಕ ಇದ್ದ. ಹತ್ತಿ ಮಾರುತ್ತಿದ್ದ. ಮಾತು ಮೆತ್ತಗೆ, ತೂಕ ಸರಿ. ಊರವರು ಅವನನ್ನು ಶೆಟ್ಟರೇ ಎಂದು ಮರ್ಯಾದೆಯಿಂದ ಕರೆಯುತ್ತಿದ್ದರು. ಹೆಂಡತಿ ಇದ್ದಳು, ಮದುವೆಯ ವಯಸ್ಸಿಗೆ ಬಂದ ಮಗಳಿದ್ದಳು, ಎಂಟು ಅಂಕಣದ ಮನೆ ಇತ್ತು. ಅವನಲ್ಲಿ ಇದ್ದದ್ದು ಒಂದೇ ದೋಷ. ಹೊಸದು ಕಂಡರೆ ತರುತ್ತಿದ್ದ, ಹಳೆಯದನ್ನು ಬಿಡುತ್ತಿರಲಿಲ್ಲ.

ಮೊದಲು ಮೂಲೆಗೆ ಹೋದದ್ದು ಒಂದು ದೀಪದ ಕಂಬ. ಹೊಸ ಹಿತ್ತಾಳೆಯ ಕಂಬ ಮನೆಗೆ ಬಂದ ದಿನ ಹಳೆಯದನ್ನು ಅವನು ಪಡಸಾಲೆಯ ಮೂಲೆಯಲ್ಲಿ ನಿಲ್ಲಿಸಿದ.

“ಇದನ್ನು ಯಾರಿಗಾದರೂ ಕೊಡಬಾರದೇ?” ಎಂದಳು ಹೆಂಡತಿ.

“ಇರಲಿ, ಬೇಕಾದೀತು” ಎಂದ ವರ್ತಕ.

ಕಂಬಕ್ಕೆ ಜೊತೆ ಬೇಗ ಸಿಕ್ಕಿತು. ಹಳೆಯ ಮಂಚ ಬಂತು. ತಳದಲ್ಲಿ ತೂತು ಬಿದ್ದ ಕೊಪ್ಪರಿಗೆ ಬಂತು. ಮಗಳು ಮಲಗುವುದನ್ನು ಎಂದೋ ಬಿಟ್ಟಿದ್ದ ತೊಟ್ಟಿಲು ಬಂತು. ಒನಕೆಗಳು ಒಂದಾದ ಮೇಲೊಂದು ಬಂದು ಏಳಾದವು. ಮನೆಯಲ್ಲಿದ್ದ ಒರಳು ಒಂದೇ. ಯಾರೋ ಊರು ಬಿಟ್ಟು ಹೋಗುವಾಗ ಒಂದು ಕುದುರೆಯ ಜೀನನ್ನು ಬಿಸಾಡಿದರು, ಅದನ್ನೂ ಎತ್ತಿಕೊಂಡು ಬಂದ.

“ನಮ್ಮಲ್ಲಿ ಕುದುರೆ ಇಲ್ಲವಲ್ಲ” ಎಂದಳು ಹೆಂಡತಿ.

“ನಾಳೆ ಒಂದು ಒಳ್ಳೆಯ ಕುದುರೆ ಸಿಕ್ಕಿತು ಎಂದಿಟ್ಟುಕೋ. ಆಗ ಜೀನು ಹುಡುಕಿಕೊಂಡು ಎಲ್ಲಿಗೆ ಓಡುವುದು?”

ಇನ್ನೊಂದು ಸಲ, ಕುಸಿದುಬಿದ್ದ ಮನೆಯೊಂದರ ಬಾಗಿಲನ್ನು ಚೌಕಟ್ಟಿನ ಸಮೇತ ನಾಲ್ವರಿಂದ ಹೊರಿಸಿಕೊಂಡು ಬಂದ. ಬಾಗಿಲೊಂದಿದ್ದರೆ ಮನೆ ಕಟ್ಟುವುದು ಎಷ್ಟು ಹೊತ್ತಿನ ಕೆಲಸ ಎಂದ. ಹೆಂಡತಿ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಅವಳು ಉತ್ತರ ಕೊಡುವುದನ್ನು ಬಿಟ್ಟಿದ್ದಳು.

ಪಡಸಾಲೆಗೆ ನಾಲ್ಕು ಮೂಲೆ. ನಾಲ್ಕೂ ತುಂಬಿದವು. ತುಂಬಿದ ಮೂಲೆಗಳು ಬೆಳೆದು ಬೆಳೆದು ಒಂದು ದಿನ ನಡುವಿನಲ್ಲಿ ಸೇರಿಕೊಂಡವು. ಮನೆಯವರು ಊಟಕ್ಕೆ ಅಡುಗೆಮನೆಗೆ ಹೋದರು. ಮರುವರ್ಷ ಸಾಮಾನಿನ ಗುಡ್ಡೆ ಅಡುಗೆಮನೆಯ ಹೊಸ್ತಿಲು ದಾಟಿತು. ಒಲೆ ಹಿತ್ತಲ ಕೋಣೆಗೆ ಹೋಯಿತು. ಅಲ್ಲಿಗೂ ಸಾಮಾನು ಬಂದಾಗ ಮಲಗುವ ಕೋಣೆಗೆ ಬಂತು. ಪ್ರತಿ ಸಲವೂ ವರ್ತಕ ಹೆಂಡತಿಗೆ ಹೇಳುತ್ತಿದ್ದದ್ದು ಒಂದೇ ಮಾತು: “ಸ್ವಲ್ಪ ಸರಿ.” ಅವನು ಕೇಳುತ್ತಿದ್ದದ್ದು ಒಂದು ಮೊಳ ಜಾಗ, ಹೆಚ್ಚೆಂದರೆ ಒಂದೂವರೆ ಮೊಳ. ಯಾವ ಹೆಂಡತಿ ಒಂದು ಮೊಳಕ್ಕೆ ಜಗಳ ಆಡುತ್ತಾಳೆ? ಸರಿದಳು. ಹೀಗೆ ಸರಿದು ಸರಿದು ಎಂಟು ವರ್ಷದಲ್ಲಿ ಮೂವರೂ ಮನೆಯಿಂದ ಹೊರಗೆ ಬಂದು ಜಗಲಿಯ ಒಂದು ಮೂಲೆಗೆ ತಲುಪಿದರು. ಒಲೆ ಅಲ್ಲೇ, ಹಾಸಿಗೆ ಅಲ್ಲೇ, ದೇವರ ಗೂಡೂ ಅಲ್ಲೇ. ಬೆಕ್ಕೊಂದು ಮಾತ್ರ ಒಳಗೆ ಉಳಿಯಿತು. ಅದು ಗುಡ್ಡೆಯ ಯಾವುದೋ ಸಂದಿಯಲ್ಲಿ ಮರಿ ಹಾಕಿತ್ತು. ಸದ್ದು ಕೇಳುತ್ತಿತ್ತು, ಕಂಡವರಿಲ್ಲ.

ಹೆಂಡತಿಯ ತಮ್ಮ ವರ್ಷಕ್ಕೊಮ್ಮೆ ಅಕ್ಕನನ್ನು ನೋಡಲು ಬರುತ್ತಿದ್ದ. ಮಲಗಲು ಜಾಗವಿಲ್ಲದೆ ಅಂದೇ ಹಿಂತಿರುಗುತ್ತಿದ್ದ. “ಪಾಪ, ಅವನಿಗೆ ಕೆಲಸ ಹೆಚ್ಚು” ಎನ್ನುತ್ತಿದ್ದ ವರ್ತಕ.

ಹೀಗಿರುವಾಗ ಆ ಸೀಮೆಯ ದೊರೆ ಊರಿನ ಮೇಲ್ಗಡೆ ಒಂದು ಕೆರೆ ಕಟ್ಟಿಸಿದ. ಕೆರೆಯಿಂದ ಪೇಟೆಗೆ ಕಾಲುವೆ ತೋಡಿಸಿ, ಪ್ರತಿ ಮನೆಯ ಹಿತ್ತಲಿಗೂ ನೀರು ಹರಿಸುವುದಾಗಿ ಡಂಗುರ ಹೊಡೆಸಿದ. ಅಲ್ಲಿಯವರೆಗೆ ಆ ಪೇಟೆಯ ಹೆಂಗಸರು ಅರ್ಧ ಹರಿದಾರಿ ನಡೆದು ಹಳ್ಳದಿಂದ ನೀರು ತರುತ್ತಿದ್ದರು. ವರ್ತಕನ ಹೆಂಡತಿ ಇಪ್ಪತ್ತು ವರ್ಷ ತಂದಿದ್ದಳು. ಡಂಗುರ ಕೇಳಿದ ದಿನ ಅವಳು ಕೊಡವನ್ನು ಕೆಳಗಿಟ್ಟು, ಎರಡೂ ಕೈಯಿಂದ ತನ್ನ ಕತ್ತನ್ನು ಹಿಡಿದು ನೋಡಿಕೊಂಡಳು.

ಮನೆಗಳನ್ನು ಬರೆದುಕೊಳ್ಳಲು ಶಾನುಭೋಗ ಬಂದ. ಒಣ ಮನುಷ್ಯ. ಕಂಡದ್ದನ್ನು ಬರೆಯುವವನು, ಕಾಣದ್ದನ್ನು ಬರೆಯದವನು.

“ಶೆಟ್ಟರೇ, ಉಗ್ರಾಣ ನೋಡಿದೆ. ಇನ್ನು ಮನೆ ತೋರಿಸಿ” ಎಂದ.

“ಇದೇ ಮನೆ” ಎಂದ ವರ್ತಕ.

ಶಾನುಭೋಗ ಬಾಗಿಲಲ್ಲಿ ನಿಂತು ಒಳಗೆ ನೋಡಿದ. ಹೊಸ್ತಿಲಿನಿಂದ ತೊಲೆಯವರೆಗೆ ಸಾಮಾನು. ಒಂದು ಕಾಲು ಒಳಗಿಟ್ಟ, ಇನ್ನೊಂದಕ್ಕೆ ಜಾಗ ಸಿಗಲಿಲ್ಲ. ಕಾಲನ್ನು ಹಿಂದಕ್ಕೆ ತೆಗೆದು, ಜಗಲಿಯ ಕಡೆಗೆ ತಿರುಗಿ, ಅಲ್ಲಿದ್ದವರನ್ನು ಎಣಿಸಿದ. ಬರೆದುಕೊಂಡ. ಬರೆದದ್ದನ್ನು ಓದಿ ಹೇಳುವುದು ಅವನ ಪದ್ಧತಿ.

“ಉಗ್ರಾಣ ಒಂದು. ಜಗಲಿಯ ಮೂಲೆಯಲ್ಲಿ ಗುಂಪಾಗಿ ಮೂವರು.”

“ಹಾಗೆಂದರೆ?”

“ಹಾಗೆಂದರೆ ನೀರಿಲ್ಲ. ದೊರೆಗಳು ಮನೆಗೆ ನೀರು ಎಂದಿದ್ದಾರೆ. ಉಗ್ರಾಣಕ್ಕೆ ನೀರು ಬಿಟ್ಟರೆ ಸರಕು ಕೆಡುತ್ತದೆ.”

“ಶಾನುಭೋಗರೇ, ಇವು ಸರಕಲ್ಲ. ಎಲ್ಲವೂ ಮನೆ ಬಳಕೆಯ ವಸ್ತುಗಳು.”

“ಬಳಕೆಯವೇ?” ಶಾನುಭೋಗ ಇನ್ನೊಮ್ಮೆ ಒಳಗೆ ನೋಡಿದ. “ಆಗಲಿ. ಎಂಟು ದಿನ ಬಿಟ್ಟು ಬರುತ್ತೇನೆ. ಬಳಸುವುದನ್ನು ತೋರಿಸಿ. ಮನೆ ಎಂದು ಬರೆಯುತ್ತೇನೆ.”

ಅವನು ಹೋದ ಮೇಲೆ ಹೆಂಡತಿ ಬಾಯಿ ಬಿಟ್ಟಳು. ಬಹಳ ದಿನಗಳ ಮೇಲೆ ಬಂದ ಮಾತು.

“ಎಂಟು ದಿನ ಇದೆ. ಅರ್ಧವಾದರೂ ಹೊರಗೆ ಹಾಕೋಣ.”

“ನೀನು ಸರಿಯಾಗಿ ಕೇಳಲಿಲ್ಲ” ಎಂದ ವರ್ತಕ. “ಅವರು ಹೊರಗೆ ಹಾಕಿ ಎನ್ನಲಿಲ್ಲ. ಬಳಸಿ ತೋರಿಸಿ ಎಂದರು.”

ಅವನು ಎಂಟು ದಿನವೂ ಅಂಗಡಿಗೆ ಹೋಗಲಿಲ್ಲ. ಯಾವ ವಸ್ತುವನ್ನು ಯಾವುದಕ್ಕೆ ಬಳಸುವುದು ಎಂದು ಯೋಚಿಸಿದ. ಗುಡ್ಡೆಯ ಅಂಚಿನಿಂದ ಕೈಗೆ ಸಿಕ್ಕಿದ್ದನ್ನು ಎಳೆದು ಅಂಗಳದಲ್ಲಿ ಸಾಲಾಗಿ ಇಟ್ಟ. ತೊಟ್ಟಿಲಿಗೆ ಹಗ್ಗ ಕಟ್ಟಿ ಜಗಲಿಯ ತೊಲೆಗೆ ತೂಗುಹಾಕಿದ. ಎಂಟನೆಯ ದಿನ, ಶುಕ್ರವಾರ, ಮುಂಜಾನೆಯೇ ಎದ್ದು ಮೂರು ಹಳೆಯ ರುಮಾಲುಗಳನ್ನು ಒಂದರ ಮೇಲೊಂದು ಸುತ್ತಿಕೊಂಡ. ಜೀನನ್ನು ಒರಳಿನ ಮೇಲೆ ಹಾಕಿ ಅದರ ಮೇಲೆ ಕೂತು ನೋಡಿದ. ಮಗಳ ಎರಡು ಕೈಗೆ ಎರಡು ಒನಕೆ ಕೊಟ್ಟು ಮುರುಕು ಮಂಚದ ಮೇಲೆ ಕೂರಿಸಿದ.

“ಅಪ್ಪಾ, ಮಂಚದ ಮೇಲೆ ಕೂತು ಯಾರಾದರೂ ಭತ್ತ ಕುಟ್ಟುತ್ತಾರೆಯೇ?” ಎಂದಳು ಮಗಳು.

“ಇವತ್ತು ಕುಟ್ಟುತ್ತಾರೆ.”

ಹೆಂಡತಿಗೆ ಹಳೆಯ ಬೀಸಣಿಗೆಗಳ ಕಟ್ಟನ್ನು ಒಪ್ಪಿಸಲು ಹೋದ. ಅವಳು ಕೊಡ ಎತ್ತಿಕೊಂಡಿದ್ದಳು.

“ಇವತ್ತೊಂದು ದಿನ ನೀರಿಗೆ ಹೋಗಬೇಡ” ಎಂದ.

“ಬೀಸಣಿಗೆಯಲ್ಲಿ ಅನ್ನ ಬೇಯುವುದಿಲ್ಲ” ಎಂದು ಹೇಳಿ ಹಳ್ಳದ ದಾರಿ ಹಿಡಿದಳು.

ಶಾನುಭೋಗ ಬಂದ. ಒಂದೊಂದನ್ನೇ ಕೇಳುತ್ತಾ ಹೋದ.

“ಕೊಪ್ಪರಿಗೆ?”

“ಮಳೆಗಾಲದಲ್ಲಿ ಸೋರುವ ಕಡೆ ಇಡುತ್ತೇವೆ.”

“ತಳದಲ್ಲಿ ತೂತಿದೆಯಲ್ಲ?”

“ಕಡಿಮೆ ಸೋರುವ ಕಡೆ ಇಡುತ್ತೇವೆ.”

“ಈ ಬಾಗಿಲು?”

“ತೆರೆಯುತ್ತೇವೆ, ಮುಚ್ಚುತ್ತೇವೆ” ಎಂದು ವರ್ತಕ ಗೋಡೆಗೆ ಒರಗಿಸಿದ್ದ ಬಾಗಿಲನ್ನು ತೆರೆದು ತೋರಿಸಿದ. ಹಿಂದೆ ಗೋಡೆ ಇತ್ತು. ಶಾನುಭೋಗ ಗೋಡೆಯನ್ನು ನೋಡಿದ. ವರ್ತಕ ಬಾಗಿಲನ್ನು ಮುಚ್ಚಿದ.

“ಈ ತೊಟ್ಟಿಲಿನಲ್ಲಿ ಯಾರು ಮಲಗುತ್ತಾರೆ?”

ವರ್ತಕ ಎಲ್ಲದಕ್ಕೂ ಉತ್ತರ ಹೊಂದಿಸಿಕೊಂಡಿದ್ದ, ಇದೊಂದನ್ನು ಮರೆತಿದ್ದ. ಮಗಳ ಮುಖ ನೋಡಿದ. ಅವಳು ಎರಡು ಒನಕೆಗಳ ನಡುವೆ ತಲೆ ತಗ್ಗಿಸಿದಳು. ಬೇರೆ ದಾರಿ ಕಾಣಲಿಲ್ಲ.

“ನಾನು” ಎಂದ.

“ಎಲ್ಲಿ, ತೋರಿಸಿ.”

ವರ್ತಕ ಮೊದಲು ಕಾಲಿಟ್ಟ, ಆಮೇಲೆ ಸೊಂಟ ಇಟ್ಟ, ಕೊನೆಗೆ ಹೇಗೋ ಹೆಗಲನ್ನೂ ಒಳಗೆ ತೂರಿಸಿದ. ಮಂಡಿ ಗದ್ದಕ್ಕೆ ತಾಗಿತು. ತೊಟ್ಟಿಲು ಒಂದು ಸಲ ಹಿಂದಕ್ಕೆ ಹೋಗಿ, ಒಂದು ಸಲ ಮುಂದಕ್ಕೆ ಬಂದು ನಿಂತಿತು.

“ಚೆನ್ನಾಗಿದೆಯೇ?” ಎಂದ ಶಾನುಭೋಗ.

“ಸುಖವಾಗಿದೆ” ಎಂದ ವರ್ತಕ. ಉಸಿರು ಅರ್ಧ ಮಾತ್ರ ಬರುತ್ತಿತ್ತು.

“ಸರಿ, ಏಳಿ.”

ವರ್ತಕ ಏಳಲಿಲ್ಲ. ಏಳಲು ನೋಡಿದ, ಆಗಲಿಲ್ಲ. ಬಲಕ್ಕೆ ಹೊರಳಿದರೆ ಎಡಗೈ ಸಿಕ್ಕಿಕೊಳ್ಳುತ್ತಿತ್ತು, ಎಡಕ್ಕೆ ಹೊರಳಿದರೆ ಬಲಗೈ. ಮೂರು ರುಮಾಲುಗಳು ಕಣ್ಣಿನ ಮೇಲೆ ಇಳಿದವು. ಶಾನುಭೋಗ ಜಗಲಿಯ ಮೇಲೆ ಕೂತು ಕಾದ. ಕೊನೆಗೆ ಓಲೆ ತೆಗೆದು ಹಿಂದಿನ ಸಾಲಿಗೆ ಒಂದು ಮಾತು ಸೇರಿಸಿ, ಪದ್ಧತಿಯಂತೆ ಓದಿ ಹೇಳಿದ.

“ಉಗ್ರಾಣ ಒಂದು. ಜಗಲಿಯ ಮೂಲೆಯಲ್ಲಿ ಗುಂಪಾಗಿ ಮೂವರು. ಅವರಲ್ಲಿ ಒಂದು ಕೂಸು.”

ಆಗ ಹೆಂಡತಿ ನೀರು ಹೊತ್ತು ಬಂದಳು. ತೊಟ್ಟಿಲಿನಿಂದ ಹೊರಗೆ ಚಾಚಿದ್ದ ಗಂಡನ ಪಾದಗಳನ್ನು ನೋಡಿದಳು. ಅವನನ್ನು ಏನೂ ಕೇಳಲಿಲ್ಲ. ಶಾನುಭೋಗನನ್ನು ಕೇಳಿದಳು.

“ನೀರು ಬರುತ್ತದೆಯೇ, ಶಾನುಭೋಗರೇ?”

ಶಾನುಭೋಗ ಅವಳ ತಲೆಯ ಮೇಲಿನ ಕೊಡವನ್ನು ನೋಡಿದ. ಅವನ ದನಿ ಸ್ವಲ್ಪ ಇಳಿಯಿತು.

“ಸೋಮವಾರ ಕಾಲುವೆ ತೋಡುವವರು ಈ ಬೀದಿಗೆ ಬರುತ್ತಾರೆ, ತಾಯಿ. ನಾನೂ ಅವರ ಜೊತೆ ಇರುತ್ತೇನೆ. ಅಂದು ಇಲ್ಲಿ ಮನೆ ಇದ್ದರೆ ನೀರು ಬರುತ್ತದೆ. ಇಲ್ಲದಿದ್ದರೆ ಕಾಲುವೆ ಮುಂದಕ್ಕೆ ಹೋಗುತ್ತದೆ.”

ಅವನು ಹೋದ. ತಾಯಿ ಮಗಳು ಸೇರಿ ವರ್ತಕನನ್ನು ಎಳೆದರು. ಬರಲಿಲ್ಲ. ಮಗಳು ಕುಡುಗೋಲು ತಂದಳು.

“ಹಗ್ಗ ಕೊಯ್ಯಬೇಡ” ಎಂದ ವರ್ತಕ ತೊಟ್ಟಿಲಿನೊಳಗಿಂದ. “ಬೇಕಾದೀತು.”

ಹೆಂಡತಿ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಅರ್ಧ ಗಳಿಗೆ ಹಿಡಿಯಿತು. ಅಷ್ಟು ಹೊತ್ತೂ ಅವಳು ಒಂದು ಮಾತೂ ಆಡಲಿಲ್ಲ. ಅವಳು ಮಾತಾಡದೆ ಇರುವುದು ಅವನಿಗೆ ಹೊಸದಲ್ಲವಾದ್ದರಿಂದ ಅವನು ಅದನ್ನು ಗಮನಿಸಲಿಲ್ಲ.

ಮರುದಿನ ಬೆಳಿಗ್ಗೆ ಜಗಲಿಯ ಒಲೆ ತಣ್ಣಗಿತ್ತು. ಹೆಂಡತಿಯ ಚಾಪೆ ಇರಲಿಲ್ಲ.

“ನಿನ್ನ ಅವ್ವ ಎಲ್ಲಿ?” ಎಂದು ಮಗಳನ್ನು ಕೇಳಿದ.

ಮಗಳು ಮನೆಯೊಳಗೆ ಕೈ ತೋರಿಸಿದಳು. ವರ್ತಕ ಬಾಗಿಲಲ್ಲಿ ನಿಂತು ನೋಡಿದ. ಗುಡ್ಡೆಯ ತುದಿಯಲ್ಲಿ, ತೊಲೆಯ ಕೆಳಗೆ, ಅವನ ಅಜ್ಜನ ಕಾಲದ ಪೆಟ್ಟಿಗೆಯ ಮೇಲೆ ಹೆಂಡತಿ ಚಾಪೆ ಹಾಸಿಕೊಂಡು ಕೂತಿದ್ದಳು.

“ಅಲ್ಲೇನು ಮಾಡುತ್ತಿದ್ದೀಯೆ?”

“ಇದ್ದೇನೆ.”

“ಇಳಿದು ಬಾ.”

“ಯಾಕೆ?”

ವರ್ತಕನಿಗೆ ಕೂಡಲೇ ಕಾರಣ ಹೊಳೆಯಲಿಲ್ಲ. “ಗಂಜಿ ಮಾಡಬೇಕಲ್ಲ” ಎಂದ.

“ಮಗಳು ಮಾಡುತ್ತಾಳೆ.”

“ಅಲ್ಲಿ ಯಾಕೆ ಹತ್ತಿದೆ, ಅದನ್ನಾದರೂ ಹೇಳು.”

“ನೀವು ಜೋಪಾನ ಮಾಡುವುದನ್ನೆಲ್ಲ ಇಲ್ಲೇ ಇಡುತ್ತೀರಿ” ಎಂದಳು ಹೆಂಡತಿ. “ಕೆಳಗೆ ಇದ್ದಷ್ಟು ದಿನ ‘ಸ್ವಲ್ಪ ಸರಿ’ ಎಂಬ ಮಾತು ಬಿಟ್ಟು ಬೇರೆ ಮಾತು ಕೇಳಲಿಲ್ಲ. ಇಲ್ಲಿಟ್ಟ ಯಾವುದಕ್ಕೂ ನೀವು ಸರಿ ಎಂದದ್ದಿಲ್ಲ. ನಾನೂ ಇಲ್ಲೇ ಇರುತ್ತೇನೆ. ಎಂದಾದರೂ ಬೇಕಾದೇನು.”

ವರ್ತಕ ನಕ್ಕ. ಮೇಲಿನಿಂದ ನಗು ಬರಲಿಲ್ಲ. ಹೊಟ್ಟೆ ಹಸಿದರೆ ಇಳಿದು ಬರುತ್ತಾಳೆ ಎಂದುಕೊಂಡು ಅಂಗಡಿಗೆ ಹೋದ.

ಅಂಗಡಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಹೆಂಡತಿ ಹೇಳಿದ್ದು ಸುಳ್ಳು ಎಂದು ತೋರಿಸುವ ಒಂದಾದರೂ ಮಾತನ್ನು ನೆನಪು ಮಾಡಿಕೊಳ್ಳಲು ಕೂತ. ಶಾನುಭೋಗರು ಬರುವ ಮುಂಚಿನ ವಾರ ಅವಳೊಡನೆ ಏನು ಮಾತಾಡಿದ್ದೆ? ಸರಿ ಎಂದಿದ್ದೆ. ಹೋದ ತಿಂಗಳು? ಜೀನನ್ನು ಒಣಗಿಸುವಾಗ ಸರಿ ಎಂದಿದ್ದೆ. ಯುಗಾದಿಗೆ? ಯುಗಾದಿಗೆ ಏನೋ ಬೇರೆ ಹೇಳಿದ ನೆನಪಾಯಿತು. ಹಿಗ್ಗಿದ. ಬಹಳ ಹೊತ್ತು ಯೋಚಿಸಿದ ಮೇಲೆ ಅದು ‘ಇನ್ನೂ ಸ್ವಲ್ಪ ಸರಿ’ ಎಂದು ನೆನಪಿಗೆ ಬಂತು. ಗಿರಾಕಿ ಬಂದು ಹತ್ತಿ ಕೇಳಿದ. ವರ್ತಕ ಅವನಿಗೂ ಸ್ವಲ್ಪ ಸರಿ ಎಂದ. ಗಿರಾಕಿ ಪಕ್ಕದ ಅಂಗಡಿಗೆ ಸರಿದ.

ವರ್ತಕನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಗುಡ್ಡೆಯೊಳಗೆ ಹೋದ ಯಾವ ವಸ್ತುವೂ ಈವರೆಗೆ ಮತ್ತೆ ಬಳಕೆಗೆ ಬಂದದ್ದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಮಧ್ಯಾಹ್ನ ಮನೆಗೆ ಬಂದು, ಬಾಗಿಲಲ್ಲಿ ನಿಂತು, ಕತ್ತೆತ್ತಿ ಕರೆದ.

“ಚೆಲುವೀ.”

ಅದು ಹೆಂಡತಿಯ ಹೆಸರು. ಯಾರು ಬಂದರು ಎಂದು ಮಗಳು ಬೀದಿಯ ಕಡೆ ತಿರುಗಿ ನೋಡಿದಳು.

ಮೇಲಿನಿಂದ “ಏನು?” ಎಂಬ ದನಿ ಬಂತು.

“ಇಳಿದು ಬಾರೇ.”

“ಈಗ ಆಗುವುದಿಲ್ಲ. ಹತ್ತುವಾಗ ಕಾಲಿಟ್ಟಿದ್ದ ಹಂಡೆ ಉರುಳಿಹೋಯಿತು. ಇಳಿಯಲು ದಾರಿ ಇಲ್ಲ.”

ಇದು ನಿಜವೋ ಸುಳ್ಳೋ, ನಾನು ವಿಚಾರಿಸಿಲ್ಲ. ವರ್ತಕನೂ ವಿಚಾರಿಸಲಿಲ್ಲ. ಪಂಚೆ ಎತ್ತಿ ಕಟ್ಟಿದ. ಅವಳ ಹತ್ತಿರ ಹೋಗಬೇಕಾದರೆ ಅಡ್ಡ ಇದ್ದದ್ದನ್ನು ತೆಗೆಯಬೇಕು. ತೆಗೆದದ್ದನ್ನು ಇಡಲು ಮನೆಯಲ್ಲಿ ಜಾಗವಿಲ್ಲ. ಅಂಗಳ ಎಂಟು ದಿನದ ತಯಾರಿಯಲ್ಲೇ ತುಂಬಿತ್ತು. ಒಂದೊಂದಾಗಿ ಹೊತ್ತು ಬೀದಿಯಲ್ಲಿ ಇಟ್ಟ.

ಬೀದಿಯಲ್ಲಿ ವಸ್ತು ಇದ್ದರೆ ಜನ ನಿಲ್ಲುತ್ತಾರೆ. ಮೊದಲು ನಿಂತವನು ಪಕ್ಕದ ಕೇರಿಯ ನೇಕಾರ. ಅವನ ಮನೆಗೆ ಬಾಗಿಲಿರಲಿಲ್ಲ, ಗೋಣಿತಟ್ಟು ಇಳಿಬಿಟ್ಟಿದ್ದ.

“ಶೆಟ್ಟರೇ, ಈ ಬಾಗಿಲು ಕೊಡುವುದೋ?”

ವರ್ತಕ ಬಾಗಿಲನ್ನು ನೋಡಿದ. ಒಳ್ಳೆಯ ತೇಗ. ಚಿಲಕ ಕೂಡ ಗಟ್ಟಿಯಾಗಿತ್ತು. ಬಾಯಲ್ಲಿ ಹಳೆಯ ಮಾತು ಬಂದು ನಿಂತಿತು. ಅದು ತುಟಿ ದಾಟುವ ಮೊದಲೇ ಒಳಗಿನಿಂದ, ತೊಲೆಯ ಎತ್ತರದಿಂದ, ಹೆಂಡತಿಯ ದನಿ ಕೇಳಿತು.

“ಕೊಡುವುದೇ.”

ನೇಕಾರ ಇನ್ನೂ ಮೂವರನ್ನು ಕರೆದುಕೊಂಡು ಬಂದು ಬಾಗಿಲು ಹೊತ್ತುಕೊಂಡು ಹೋದ. ಆಮೇಲೆ ಜನ ಬರುತ್ತಲೇ ಇದ್ದರು. ಪ್ರತಿಯೊಬ್ಬರೂ ಕೇಳುತ್ತಿದ್ದರು, ಪ್ರತಿ ಸಲವೂ ವರ್ತಕ ತಡವರಿಸುತ್ತಿದ್ದ, ಪ್ರತಿ ಸಲವೂ ಮೇಲಿನಿಂದ ಉತ್ತರ ಬರುತ್ತಿತ್ತು. ಏಳು ಹೆಂಗಸರು ಏಳು ಒನಕೆ ತೆಗೆದುಕೊಂಡು ಹೋದರು. ಸಂಜೆಯೊಳಗೆ ಏಳು ಮನೆಗಳಿಂದ ಭತ್ತ ಕುಟ್ಟುವ ಸದ್ದು ಬಂತು. ಕುಂಬಾರನ ಸೊಸೆ ತುಂಬಿದ ಬಸುರಿ. ತೊಟ್ಟಿಲು ಅವಳಿಗೆ ಹೋಯಿತು. ಕೊಡುವ ಮೊದಲು ವರ್ತಕ ಅದರ ಬದಿಯನ್ನು ತಟ್ಟಿ, “ಗಟ್ಟಿಯಾಗಿದೆಯಮ್ಮ, ನಾನೇ ಮಲಗಿ ನೋಡಿದ್ದೇನೆ” ಎಂದ. ಜೀನನ್ನು ಮಾತ್ರ ಯಾರೂ ಕೇಳಲಿಲ್ಲ. ವರ್ತಕ ಒಳಗೊಳಗೇ ಸಂತೋಷಪಟ್ಟ. ಭಾನುವಾರ ಬೆಳಿಗ್ಗೆ ಯಾರೋ ದಾರಿಹೋಕ ಕುದುರೆಯ ಬರಿಬೆನ್ನಿನ ಮೇಲೆ ಕೂತು ಬಂದ, ಅದೂ ಹೋಯಿತು.

ಭಾನುವಾರ ಮಧ್ಯಾಹ್ನ ಗುಡ್ಡೆಯ ತಳದಲ್ಲಿ ಒಂದು ಬೆಳ್ಳಿಯ ಅಡಕೆ ಡಬ್ಬಿ ಸಿಕ್ಕಿತು. ವರ್ತಕ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತ.

“ಇದನ್ನು ನಿನ್ನ ತಮ್ಮ ಕದ್ದ ಎಂದುಕೊಂಡಿದ್ದೆ” ಎಂದು ಮೇಲಕ್ಕೆ ಹೇಳಿದ.

“ಗೊತ್ತು.”

“ನಾನು ಯಾರಿಗೂ ಹೇಳಿರಲಿಲ್ಲವಲ್ಲ?”

“ಅವನು ಬಂದಾಗಲೆಲ್ಲ ನೀವು ಉಳಿದ ಬೆಳ್ಳಿಯ ಮೇಲೆ ಕೂತಿರುತ್ತಿದ್ದಿರಿ.”

ವರ್ತಕ ತಲೆ ತಗ್ಗಿಸಿ ಕೆಲಸ ಮುಂದುವರಿಸಿದ. ಬೆಕ್ಕು ಹೊರಗೆ ಬಂತು. ಅದರ ಹಿಂದೆ ಮರಿಗಳು, ಮರಿಗಳ ಹಿಂದೆ ಅವುಗಳ ಮರಿಗಳು.

ಸೂರ್ಯ ಇಳಿಯುವ ಹೊತ್ತಿಗೆ ಅಜ್ಜನ ಪೆಟ್ಟಿಗೆ ಒಂದೇ ಉಳಿದಿತ್ತು. ಅಡಿಯಲ್ಲಿದ್ದದ್ದು ಕರಗಿದಂತೆ ಅದು ಇಳಿದು ಇಳಿದು ನೆಲಕ್ಕೆ ಬಂದಿತ್ತು. ಅದರ ಮೇಲೆ ಹೆಂಡತಿ ಕೂತಿದ್ದಳು. ವರ್ತಕನ ಮೈಯೆಲ್ಲ ಧೂಳು, ಗಡ್ಡದಲ್ಲಿ ಜೇಡರ ಬಲೆ. ಅವನು ಕೈ ಚಾಚಿದ. ಅವಳು ಹಿಡಿದುಕೊಂಡು ಇಳಿದಳು. ಆ ನೆಲದ ಮೇಲೆ ಎಷ್ಟೋ ವರ್ಷದಿಂದ ಯಾರೂ ಕಾಲಿಟ್ಟಿರಲಿಲ್ಲ.

“ನಮ್ಮ ಮನೆ ಇಷ್ಟು ದೊಡ್ಡದೇ?” ಎಂದಳು ಮಗಳು. ಅವಳ ಮಾತು ಗೋಡೆಗೆ ತಾಗಿ ಹಿಂದಕ್ಕೆ ಬಂತು.

ಮೂವರೂ ಪಡಸಾಲೆಯ ನಟ್ಟನಡುವೆ ಕೂತು ಉಂಡರು. ವರ್ತಕ ಹತ್ತಿಯ ಧಾರಣೆ ಹೇಳಿದ. ಹೆಂಡತಿ ಹಳ್ಳದ ದಾರಿಯಲ್ಲಿ ಎಲ್ಲೆಲ್ಲಿ ಮುಳ್ಳಿದೆ ಎಂದು ಹೇಳಿದಳು. ಇಪ್ಪತ್ತು ವರ್ಷದ ಮುಳ್ಳುಗಳು. ಹೇಳಿ ಮುಗಿಸಲು ಬಹಳ ಹೊತ್ತಾಯಿತು. ಅವನು ಪೂರ್ತಿ ಕೇಳಿದ.

ಸೋಮವಾರ ಶಾನುಭೋಗ ಬಂದ. ಮುಂಬಾಗಿಲಿನಿಂದ ಹೊಕ್ಕು, ಎಂಟು ಅಂಕಣ ದಾಟಿ, ಹಿತ್ತಲ ಬಾಗಿಲವರೆಗೆ ನಡೆದು ಹೋಗಿ ಹಿಂದಿರುಗಿದ. ಬರೆದ. ಓದಿದ.

“ಮನೆ ಒಂದು. ಜನ ಮೂರು.”

“ಹಿಂದೆ ಬರೆದದ್ದು?” ಎಂದ ವರ್ತಕ.

“ಹೊಡೆದು ಹಾಕಿದ್ದೇನೆ.”

“ಆ ಕೂಸಿನ ವಿಷಯ?”

“ಅದನ್ನೂ.”

ಹುಣ್ಣಿಮೆಯ ಹೊತ್ತಿಗೆ ಹಿತ್ತಲಿಗೆ ನೀರು ಬಂತು. ವರ್ತಕ ಅಡಕೆ ಡಬ್ಬಿಯನ್ನು ತೆಗೆದುಕೊಂಡು ಹೋಗಿ ಭಾವಮೈದುನನ ಕೈಯಲ್ಲಿ ಇಟ್ಟು ಬಂದ. ಹೊಸದನ್ನು ತರುವ ಚಟ ಅವನನ್ನು ಬಿಡಲಿಲ್ಲ ಎನ್ನುತ್ತಾರೆ. ಆದರೆ ತಂದ ದಿನವೇ, “ಚೆಲುವೀ, ಹಳೆಯದನ್ನು ಯಾರಿಗೆ ಕೊಡೋಣ?” ಎಂದು ಕೇಳುತ್ತಿದ್ದನಂತೆ.

ಗುರುಗಳು ಕತೆ ನಿಲ್ಲಿಸಿದರು. ಸಂಗಯ್ಯ ತೊಟ್ಟಿಲಿನ ಮಾತು ಬಂದಾಗ ನಗಲು ಶುರು ಮಾಡಿದ್ದವನು ಇನ್ನೂ ಕಣ್ಣು ಒರೆಸಿಕೊಳ್ಳುತ್ತಿದ್ದ.

“ತಿಳಿಯಿತು ಗುರುಗಳೇ. ಆ ಮನೆಯಲ್ಲಿ ಮೂಲೆಗುಂಪಾದವರು ಮನುಷ್ಯರೇ. ಪದ ಎರಡಕ್ಕೂ ಸಲ್ಲುತ್ತದೆ ಎಂದು ಬರೆಯುತ್ತೇನೆ.”

“ಬರೆ” ಎಂದರು ಗುರುಗಳು.

“ಆದರೆ ಆ ಶೆಟ್ಟರ ಬುದ್ಧಿ ವಿಚಿತ್ರ. ಬಳಸದೆ ಇರುವುದನ್ನು ಹಾಗೆ ಯಾರಾದರೂ ಕೂಡಿಹಾಕುತ್ತಾರೆಯೇ?”

“ನಿನ್ನ ಕೋಶಕ್ಕೆ ಈವರೆಗೆ ಎಷ್ಟು ಪದಗಳಾದವು?”

“ಹನ್ನೊಂದು ಸಾವಿರ” ಎಂದ ಸಂಗಯ್ಯ. ದನಿಯಲ್ಲಿ ಹೆಮ್ಮೆ ಇತ್ತು.

“ಅವುಗಳಲ್ಲಿ ನಿನ್ನೆ ನೀನು ಯಾರೊಡನಾದರೂ ಆಡಿದ್ದು ಎಷ್ಟು?”

ಸಂಗಯ್ಯ ಬಾಯಿ ತೆರೆದ. ಯಾವ ಪದವೂ ಬರಲಿಲ್ಲ.